ಕೊಳ್ಳುವವರು ಯಾರು? ಒಮಾನಿನ ಕೈಕಸುಬುಗಳ ಬಗ್ಗೆ ಒಂದಿಷ್ಟು ಮಾತು

(ಕರಾವಳಿಯ ಒಂದು ಊರಿನ ಸಂಜೆಯ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳಿಗೆ ಕೊಟ್ಟ ಉತ್ತರವನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಸ್ಕತ್ ಎಂಬ ಹೆಸರನ್ನು ಈ ಊರಿನಲ್ಲಿ ಯಾರಿಗೂ ಪರಿಚಯಿಸಬೇಕಾಗಿಲ್ಲ. ಅಲ್ಲಿ ದುಡಿದು ಬಂದವರು, ಈಗಲೂ ದುಡಿಯುತ್ತಿರುವವರು ಇಲ್ಲಿ ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ರಜೆಯಲ್ಲಿ ಬಂದಾಗ ಅವರ ಪೆಟ್ಟಿಗೆಯಿಂದ ಹಲ್ವಾ, ಖರ್ಜೂರ, ಲೋಬಾನದ ಪೊಟ್ಟಣ ಹೊರಬೀಳುತ್ತವೆ. ಆದರೆ ಆ ಹಲ್ವಾ ಕಲಕಿದವರು ಯಾರು, ಲೋಬಾನ ಹೊತ್ತಿಸುವ ಮಣ್ಣಿನ ಧೂಪಾರತಿ ಯಾವ ಊರಿನದು ಎಂದು ನಾವು ಕೇಳುವುದಿಲ್ಲ. ಗಲ್ಫ್ ಎಂದರೆ ಪೆಟ್ರೋಲು ಮತ್ತು ಪಗಾರ ಎಂದೇ ನಮ್ಮ ಲೆಕ್ಕ. ಒಮಾನಿನಿಂದ ಕಚ್ಚಾ ತೈಲ ಮೊದಲು ಹೊರಗೆ ಹೋದದ್ದು 1967ರಲ್ಲಿ. ಅದಕ್ಕೂ ಮೊದಲು ಸಾವಿರಾರು ವರ್ಷ ಆ ನಾಡು ಬದುಕಿದ್ದು ಮೀನು, ಖರ್ಜೂರ, ಹಡಗು ಮತ್ತು ಕೈಕೆಲಸಗಳ ಮೇಲೆ. ಮೆಸೊಪೊಟೇಮಿಯದ ಮಣ್ಣಿನ ಫಲಕಗಳಲ್ಲಿ ಬರುವ ತಾಮ್ರದ ನಾಡು 'ಮಗಾನ್' ಎಂದರೆ ಇದೇ ಸೀಮೆ ಎಂದು ವಿದ್ವಾಂಸರು ಗುರುತಿಸಿದ್ದಾರೆ.

ಕರಕುಶಲ ಕಲೆಯ ಮಾತು ಬಂದರೆ ನಮ್ಮ ವೇದಿಕೆಗಳಲ್ಲಿ ಒಂದು ಸಿದ್ಧ ರಾಗವಿದೆ: ನಶಿಸುತ್ತಿದೆ, ಉಳಿಸಬೇಕು, ಯುವಜನ ಮುಂದೆ ಬರಬೇಕು. ಇಂದು ನಾನು ಆ ರಾಗ ಎತ್ತುವುದಿಲ್ಲ. ಒಮಾನಿನ ಕಸುಬುಗಳನ್ನು ನೋಡುವಾಗ ನನಗೆ ಹೆಚ್ಚು ಉಪಯೋಗಕ್ಕೆ ಬಂದ ಪ್ರಶ್ನೆ ಬೇರೆ: ಇದನ್ನು ಯಾರು ಕೊಳ್ಳುತ್ತಾರೆ, ಕೊಂಡು ಏನು ಮಾಡುತ್ತಾರೆ? ಒಂದು ಕಸುಬು ಏಕೆ ನಿಂತಿತು, ಪಕ್ಕದ್ದು ಏಕೆ ಬಿತ್ತು ಎಂಬುದಕ್ಕೆ ಅನುಕಂಪಕ್ಕಿಂತ ಈ ಪ್ರಶ್ನೆಯೇ ಚೆನ್ನಾಗಿ ಉತ್ತರ ಕೊಡುತ್ತದೆ.

ಸೊಂಟದ ಬಾಕಿನಿಂದಲೇ ಶುರು ಮಾಡೋಣ. ಅದಕ್ಕೆ ಅಲ್ಲಿ 'ಖಂಜರ್' ಎನ್ನುತ್ತಾರೆ. ಒಮಾನಿನ ರಾಷ್ಟ್ರಲಾಂಛನದಲ್ಲಿ ಎರಡು ಅಡ್ಡಕತ್ತಿಗಳ ಮೇಲೆ ಇರುವುದು ಇದೇ. ಬಾವುಟದ ಮೂಲೆಯಲ್ಲೂ ಇದೆ, ನೋಟಿನ ಮೇಲೂ ಇದೆ. 2022ರಲ್ಲಿ ಯುನೆಸ್ಕೊ ಇದರ ತಯಾರಿಕೆಯ ಕೌಶಲವನ್ನೂ ಧರಿಸುವ ಸಂಪ್ರದಾಯವನ್ನೂ ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಇಷ್ಟು ಹೇಳಿದರೆ ಗಾಜಿನ ಪೆಟ್ಟಿಗೆಯೊಳಗಿನ ವಸ್ತು ಎನ್ನಿಸಬಹುದು. ಹಾಗಲ್ಲ. ಇಂದಿಗೂ ಒಮಾನಿ ಮದುಮಗ ಖಂಜರ್ ಕಟ್ಟಿಕೊಳ್ಳದೆ ಮದುವೆಗೆ ಕೂರುವುದು ಅಪರೂಪ. ಈದ್ ಹಬ್ಬಕ್ಕೆ, ಅರಮನೆಯ ಸಮಾರಂಭಕ್ಕೆ, ಅಧಿಕೃತ ಭೇಟಿಗೆ ಅದು ಬೇಕೇ ಬೇಕು. ತಂದೆಯದು ಮಗನಿಗೆ ಬರುತ್ತದೆ. ಬರದಿದ್ದರೆ ಹೊಸದನ್ನು ಮಾಡಿಸಬೇಕು, ಇಲ್ಲವೇ ಬಾಡಿಗೆಗೆ ತರಬೇಕು.

ಒಂದು ಖಂಜರ್ ಒಬ್ಬನ ಕೆಲಸವಲ್ಲ. ಉಕ್ಕಿನ ಅಲಗು ಕಮ್ಮಾರನದು. ಒರೆಯ ಒಳಗೆ ಮರ, ಅದರ ಮೇಲೆ ಚರ್ಮ. ಒರೆ ಕೆಳಗೆ ಹೋಗುತ್ತಾ ಮೊಣಕೈ ಮಡಿಸಿದಷ್ಟು ತಿರುಗಿಬಿಡುತ್ತದೆ, ಒಳಗಿನ ಅಲಗು ಅಷ್ಟು ಬಾಗಿರುವುದಿಲ್ಲ. ಮೇಲ್ಭಾಗದಲ್ಲಿ ಅಕ್ಕಸಾಲಿ ಬೆಳ್ಳಿಯ ತಗಡು ಹೊದಿಸಿ ಎಳೆಯಂತಹ ತಂತಿಯನ್ನು ಸುರುಳಿ ಸುತ್ತಿ ಬೆಸೆಯುತ್ತಾನೆ. ಕೆಳಗಿನ ಚರ್ಮದ ಭಾಗದ ಮೇಲೆ ಬೆಳ್ಳಿದಾರದ ಕಸೂತಿ. ಸೊಂಟಪಟ್ಟಿಯೂ ಬೆಳ್ಳಿಯ ಎಳೆಯದೇ. ಒರೆಯನ್ನು ಪಟ್ಟಿಗೆ ಜೋಡಿಸುವ ಬೆಳ್ಳಿಯ ಉಂಗುರಗಳನ್ನು ಎಣಿಸಿದರೆ ಬಗೆ ಗೊತ್ತಾಗುತ್ತದೆ. ಏಳು ಉಂಗುರದ್ದು 'ಸೈದಿ', ರಾಜಮನೆತನದ ಹೆಸರು ಹೊತ್ತದ್ದು. ಸಾಮಾನ್ಯವಾಗಿ ಕಾಣುವುದು ನಾಲ್ಕು ಉಂಗುರದ್ದು. ಹಿಡಿಗೆ ಹಿಂದಿನ ಕಾಲದಲ್ಲಿ ಘೇಂಡಾಮೃಗದ ಕೊಂಬು ಬಳಸುತ್ತಿದ್ದರು. ಆ ವ್ಯಾಪಾರಕ್ಕೆ ಅಂತರರಾಷ್ಟ್ರೀಯ ನಿಷೇಧ ಬಿದ್ದ ಮೇಲೆ ಗಂಧದ ಮರ, ಇತರ ಗಟ್ಟಿ ಮರ, ಕೃತಕ ವಸ್ತು ಬಂದಿವೆ. ಸಂಪ್ರದಾಯ ಹಾಳಾಯಿತು ಎಂದು ಇದಕ್ಕೆ ಗೊಣಗುವವರೂ ಇದ್ದಾರೆ. ನನಗೆ ಘೇಂಡಾಮೃಗದ ಕಡೆಯ ವಾದವೇ ಸರಿ ಎನ್ನಿಸುತ್ತದೆ.

ಒಳ್ಳೆಯ ಖಂಜರ್ ಮುಗಿಯಲು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬೇಕು. ಬೆಲೆಯೂ ಅದಕ್ಕೆ ತಕ್ಕಂತೆ. ಆದರೂ ಒಳನಾಡಿನ ನಿಜ್ವಾ ಪಟ್ಟಣದ ಪೇಟೆಯ ಅಕ್ಕಸಾಲಿಯ ಮುಂದೆ ಗಿರಾಕಿ ಕೂತಿರುತ್ತಾನೆ, ಏಕೆಂದರೆ ಮದುವೆಯ ತಾರೀಕು ಹತ್ತಿರ ಬಂದಿರುತ್ತದೆ. ಪ್ರವಾಸಿ ನೋಡಿ, ಚಿತ್ರ ತೆಗೆದು, ಬೆಲೆ ಕೇಳಿ ಮುಂದೆ ಹೋಗುತ್ತಾನೆ. ಕಸುಬನ್ನು ಸಾಕುತ್ತಿರುವವನು ಮದುಮಗ.

ಇದರಲ್ಲಿ ಸರಕಾರದ ಪಾತ್ರವೂ ಇದೆ. ಒಮಾನಿನಲ್ಲಿ ಸರಕಾರಿ ನೌಕರಿಯಲ್ಲಿರುವ ಗಂಡಸರು ರಾಷ್ಟ್ರೀಯ ಉಡುಪಿನಲ್ಲಿಯೇ ಕಚೇರಿಗೆ ಬರಬೇಕು. ಉದ್ದನೆಯ ಬಿಳಿ ದಿಶ್‌ದಾಶಾ, ತಲೆಗೆ ಕಸೂತಿಯ 'ಕುಮ್ಮಾ' ಟೋಪಿ ಅಥವಾ 'ಮಸರ್' ಎಂಬ ರುಮಾಲು. ಕರಕುಶಲ ಇಲಾಖೆಯ ಹತ್ತು ಯೋಜನೆಗಳು ಮಾಡದ ಕೆಲಸವನ್ನು ಉಡುಪಿನ ಈ ಒಂದು ನಿಯಮ ಮಾಡಿದೆ. ಕರಕುಶಲಕ್ಕೆಂದೇ 2003ರಲ್ಲಿ ಒಂದು ಪ್ರತ್ಯೇಕ ಪ್ರಾಧಿಕಾರ ಹುಟ್ಟಿಕೊಂಡಿತ್ತು. 2020ರಲ್ಲಿ ಅದರ ಹೊಣೆ ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಪ್ರಾಧಿಕಾರಕ್ಕೆ ಹೋಯಿತು. ಪ್ರಾಧಿಕಾರ ಬಂದರೂ ಹೋದರೂ ಟೋಪಿ ಮಾತ್ರ ದಿನವೂ ತಲೆಯ ಮೇಲೆ ಇರಬೇಕು.

ಕುಮ್ಮಾವನ್ನು ಕೈಗೆ ಸಿಕ್ಕಾಗ ಬೆಳಕಿಗೆ ಹಿಡಿದು ನೋಡಿ. ಬಟ್ಟೆಯಲ್ಲಿ ನೂರಾರು ಸಣ್ಣ ರಂಧ್ರಗಳು. ಪ್ರತಿ ರಂಧ್ರದ ಅಂಚನ್ನೂ ಸೂಜಿದಾರದಿಂದ ಸುತ್ತಿ ಬಿಗಿದಿರುತ್ತಾರೆ. ತಲೆಗೆ ಗಾಳಿಯಾಡಲು ದಾರಿ ಅದೇ, ಚಂದವೂ ಅದೇ. ಮನೆಯಲ್ಲಿ ಕೂತು ಹೆಂಗಸರು ಮಾಡುವ ಕೆಲಸ ಇದು. ಆಫ್ರಿಕದ ಜಾಂಜಿಬಾರ್ ಒಮಾನಿ ದೊರೆಗಳ ಕೈಯಲ್ಲಿದ್ದ ಕಾಲದ ನಂಟು ಈ ಟೋಪಿಗೆ ಇದೆ. ರುಮಾಲಿನ ಕಥೆ ಇನ್ನೂ ದೂರದ್ದು: ಒಳ್ಳೆಯ ಮಸರ್ ಬರುವುದು ಕಾಶ್ಮೀರದ ಉಣ್ಣೆಯಿಂದ, ಕಾಶ್ಮೀರದ ಕಸೂತಿಗಾರರ ಕೈಯಿಂದ.

ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ದೇಸಿ ಕಸುಬು ಎಂದರೆ ಅದರ ಎಲ್ಲವೂ ಆ ನೆಲದ್ದೇ ಎಂದು ನಾವು ಊಹಿಸಿಕೊಳ್ಳುತ್ತೇವೆ. ಒಮಾನಿನ ಬೆಳ್ಳಿಯನ್ನೇ ತೆಗೆದುಕೊಳ್ಳಿ. ಹಳೆಯ ಬಳೆ, ಕಾಲ್ಗಡಗ, ಕೊರಳಿಗೆ ತೂಗುವ ತಾಯಿತದ ಪೆಟ್ಟಿಗೆ ಇವುಗಳಲ್ಲಿ ಬಹುಪಾಲು ಆಸ್ಟ್ರಿಯ ದೇಶದ ನಾಣ್ಯ ಕರಗಿಸಿ ಮಾಡಿದವು. ರಾಣಿ ಮಾರಿಯಾ ಥೆರೇಸಾಳ ಮುಖವಿರುವ, 1780 ಎಂಬ ಇಸವಿ ಹೊತ್ತ ಬೆಳ್ಳಿನಾಣ್ಯ ಅದು. ಆಕೆ ತೀರಿಕೊಂಡದ್ದು ಆ ವರ್ಷ. ಅರಬ್ ವ್ಯಾಪಾರಿಗಳಿಗೆ ಆ ನಾಣ್ಯದ ಮೇಲೆ ನಂಬಿಕೆ ಎಷ್ಟಿತ್ತೆಂದರೆ, ಆಮೇಲೂ ಅದೇ ಇಸವಿಯನ್ನೇ ಒತ್ತಿ ನಾಣ್ಯ ಹೊಡೆಯುತ್ತಾ ಹೋದರು. ತೂಕ ಸುಮಾರು 28 ಗ್ರಾಂ, ಅದರಲ್ಲಿ ಆರರಲ್ಲಿ ಐದು ಪಾಲು ಬೆಳ್ಳಿ. ತೂಕವೂ ಗೊತ್ತು, ಶುದ್ಧತೆಯೂ ಗೊತ್ತು. ಅಕ್ಕಸಾಲಿಗೆ ಇದಕ್ಕಿಂತ ಒಳ್ಳೆಯ ಕಚ್ಚಾ ಮಾಲು ಯಾವುದು? ಇದರ ಜೊತೆಗೆ ನಮ್ಮ ರೂಪಾಯಿಯೂ ಅಲ್ಲಿ ನಡೆಯುತ್ತಿತ್ತು. ಗಲ್ಫ್ ನಾಡುಗಳಿಗೆಂದೇ ಭಾರತೀಯ ರಿಸರ್ವ್ ಬ್ಯಾಂಕ್ 1959ರಲ್ಲಿ ಬೇರೆ ಬಣ್ಣದ ನೋಟು ಮುದ್ರಿಸಿತು. ಒಮಾನ್ ತನ್ನದೇ ರಿಯಾಲ್ ತಂದದ್ದು 1970ರಲ್ಲಿ.

ಬೆಳ್ಳಿಯ ಒಡವೆ ಹೆಣ್ಣಿನ ಸ್ವಂತ ಆಸ್ತಿ, ಆಕೆಯ ಬ್ಯಾಂಕು. ಕಷ್ಟ ಬಂದರೆ ಮಾರುತ್ತಾಳೆ. ಆಕೆ ತೀರಿಕೊಂಡ ಮೇಲೆ ಹೆಚ್ಚಾಗಿ ಕರಗಿಸಿ ಹೊಸದು ಮಾಡಿಸುತ್ತಿದ್ದರು. ಆದ್ದರಿಂದಲೇ ಬಹಳ ಹಳೆಯ ಒಡವೆಗಳು ಉಳಿದಿಲ್ಲ. ತೈಲದ ಹಣ ಬಂದ ಮೇಲೆ ಮದುಮಗಳು ಚಿನ್ನ ಕೇಳಿದಳು, ಬೆಳ್ಳಿಯ ಒಡವೆ ಪೆಟ್ಟಿಗೆ ಸೇರಿತು. ಅದೇ ಅಕ್ಕಸಾಲಿ, ಅದೇ ಬೆಳ್ಳಿ, ಅದೇ ಕುಶಲತೆ. ಗಂಡಿನ ಸೊಂಟದ ಬೆಳ್ಳಿ ನಿಂತಿತು, ಹೆಣ್ಣಿನ ಕಾಲಿನ ಬೆಳ್ಳಿ ಹೋಯಿತು. ನನ್ನ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ.

ನಿಜ್ವಾದಿಂದ ಸ್ವಲ್ಪ ದೂರದಲ್ಲಿರುವ ಬಹ್ಲಾ ಕುಂಬಾರರ ಊರು. ಅಲ್ಲಿನ ಮಣ್ಣಿನ ಕೋಟೆ 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ, ಊರಿನ ಸುತ್ತ ಸುಮಾರು 12 ಕಿಲೋಮೀಟರ್ ಉದ್ದದ ಗೋಡೆ. ಮಳೆನೀರಿನ ಹಳ್ಳದ ಮಣ್ಣನ್ನು ತಂದು ನೆನೆಸಿ, ಸೋಸಿ, ಕಾಲಿನಿಂದ ತುಳಿದು ಹದ ಮಾಡುತ್ತಾರೆ. ತಿಗರಿಯ ಮೇಲೆ ಏಳುತ್ತಿದ್ದ ಮುಖ್ಯ ಪಾತ್ರೆ 'ಜಹ್ಲಾ'. ನೆರಳಿನಲ್ಲಿ ತೂಗುಹಾಕುವ ನೀರಿನ ಗಡಿಗೆ ಅದು, ಮೈಯೆಲ್ಲ ಜಿನುಗಿ ನೀರು ತಣ್ಣಗಾಗುತ್ತದೆ. ಖರ್ಜೂರ ತುಂಬಿಡಲು ದೊಡ್ಡ ಗುಡಾಣಗಳೂ ಆಗುತ್ತಿದ್ದವು. ಮನೆಗೆ ಕರೆಂಟು ಬಂತು, ಫ್ರಿಡ್ಜ್ ಬಂತು, ಜಹ್ಲಾ ಇಳಿಯಿತು. ಈಗ ಬಹ್ಲಾದ ಕುಂಬಾರರ ಕೈಹಿಡಿದಿರುವುದು ಹೆಚ್ಚಾಗಿ ಧೂಪದ ಪಾತ್ರೆ, ಹೂಕುಂಡ, ಅಲಂಕಾರದ ಸಾಮಾನು. ಧೂಪದ ಪಾತ್ರೆ ಏಕೆ ನಿಂತಿತು? ಒಮಾನಿ ಮನೆಯಲ್ಲಿ ಲೋಬಾನದ ಹೊಗೆ ಇನ್ನೂ ನಿತ್ಯದ ಮಾತು. ಊಟವಾದ ಮೇಲೆ, ನೆಂಟರು ಬಂದಾಗ, ಒಗೆದ ಬಟ್ಟೆಗೆ ಪರಿಮಳ ಹಿಡಿಸಲು ಅದು ಬೇಕು.

ಆ ಲೋಬಾನ ಬರುವುದು ದಕ್ಷಿಣದ ದೋಫಾರ್ ಸೀಮೆಯಿಂದ. ಮರದ ತೊಗಟೆಯನ್ನು 'ಮನ್ಕಫ್' ಎಂಬ ಸಣ್ಣ ಹತ್ಯಾರದಿಂದ ಕೆತ್ತಿ ಬಿಡುತ್ತಾರೆ. ಹಾಲಿನಂತಹ ಅಂಟು ಒಸರಿ ಗಟ್ಟಿಯಾಗುತ್ತದೆ. ಮೊದಲ ಕೆತ್ತಿನದು ಅಷ್ಟು ಉತ್ತಮವಲ್ಲ. ಕೆಲವು ವಾರ ಬಿಟ್ಟು ಮತ್ತೆ ಕೆತ್ತಿದಾಗ ಬರುವುದಕ್ಕೆ ಬೆಲೆ. ಆ ಸೀಮೆಯ ಹೆಂಗಸರು ತಿಗರಿ ಇಲ್ಲದೆ ಬರಿಗೈಯಲ್ಲೇ ಧೂಪದ ಪಾತ್ರೆ ಕಟ್ಟಿ, ಬಯಲಿನ ಬೆಂಕಿಯಲ್ಲಿ ಸುಟ್ಟು, ಬಣ್ಣ ಹಚ್ಚುತ್ತಾರೆ.

ನನಗೆ ಅತ್ಯಂತ ಇಷ್ಟವಾದದ್ದು ಪನ್ನೀರಿನ ಕೆಲಸ. ಅದನ್ನು ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ.

ಜಬಲ್ ಅಖ್ದರ್ ಎಂಬ ಬೆಟ್ಟಸಾಲಿನ ಮೇಲೆ, ಸುಮಾರು 2000 ಮೀಟರ್ ಎತ್ತರದಲ್ಲಿ, ಕಡಿದಾದ ಬದಿಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿ ಮಾಡಿದ ತೋಟಗಳಿವೆ. 'ಫಲಜ್' ಎಂಬ ಕಾಲುವೆಯಲ್ಲಿ ಸರದಿಯ ಪ್ರಕಾರ ನೀರು ಬರುತ್ತದೆ. ಅಲ್ಲಿ ದಾಳಿಂಬೆ, ಅಕ್ರೋಟಿನ ಜೊತೆಗೆ ಗುಲಾಬಿ. ಮಾರ್ಚ್ ಕೊನೆಯಿಂದ ಮೇವರೆಗೆ ಹೂವಿನ ಕಾಲ. ಬಿಸಿಲೇರಿದರೆ ಪರಿಮಳ ಹಾರುತ್ತದೆ ಎಂದು ಬೆಳಕು ಹರಿಯುವ ಹೊತ್ತಿಗೇ ಕೊಯ್ಯುತ್ತಾರೆ. ಹೂವನ್ನು ಇಟ್ಟುಕೊಳ್ಳುವಂತಿಲ್ಲ, ಅಂದಂದೇ ಒಲೆಗೆ ಹೋಗಬೇಕು.

ಆ ಒಲೆಗೆ 'ದುಹ್‌ಜಾನ್' ಎನ್ನುತ್ತಾರೆ. ಕಲ್ಲು-ಮಣ್ಣಿನ ಉದ್ದನೆಯ ಕಟ್ಟೆ, ಮೇಲೆ ಸಾಲಾಗಿ ಬಾಯಿಗಳು. ಒಂದೊಂದು ಬಾಯಿಯಲ್ಲಿ ಮಣ್ಣಿನ ಪಾತ್ರೆ, ಅದರಲ್ಲಿ ಗುಲಾಬಿ ಎಸಳು, ಸ್ವಲ್ಪ ನೀರು. ಎಸಳಿನ ನಡುವೆ ಒಂದು ಖಾಲಿ ತಾಮ್ರದ ಪಾತ್ರೆ. ಎಲ್ಲದರ ಮೇಲೆ ಮುಚ್ಚಳದ ಬದಲು ತಣ್ಣೀರು ತುಂಬಿದ ಇನ್ನೊಂದು ತಾಮ್ರದ ಪಾತ್ರೆ. ಸಂದಿಯನ್ನು ಬಿಗಿಯಾಗಿ ಮುಚ್ಚುತ್ತಾರೆ. ಕೆಳಗೆ ಬೆಂಕಿ. ಹಬೆ ಏರಿ ತಣ್ಣನೆಯ ತಳಕ್ಕೆ ತಾಗಿ ಹನಿಯಾಗುತ್ತದೆ. ಉಬ್ಬಿದ ತಳದ ತುದಿಗೆ ಹನಿಗಳು ಜಾರಿ ಬಂದು ಒಳಗಿನ ಖಾಲಿ ಪಾತ್ರೆಗೆ ಬೀಳುತ್ತವೆ. ಮೇಲಿನ ನೀರು ಬಿಸಿಯಾದ ಹಾಗೆ ಚೆಲ್ಲಿ ಬೇರೆ ತಣ್ಣೀರು ಹಾಕುತ್ತಿರಬೇಕು. ಇಡೀ ಜಾಣತನ ಇರುವುದು ಅಲ್ಲಿಯೇ. ನೀರು ಬದಲಿಸುವುದು ತಡವಾದರೆ ಹಬೆ ಹನಿಯಾಗದು, ಉರಿ ಹೆಚ್ಚಾದರೆ ಎಸಳು ಸೀಯುತ್ತದೆ. ಒಲೆಯ ಮುಂದೆ ಕೂತವರ ಕೈಯಲ್ಲಿ ಗಡಿಯಾರವೂ ಇಲ್ಲ, ಉಷ್ಣಮಾಪಕವೂ ಇಲ್ಲ. ಹೊರಗಿನಿಂದ ಪಾತ್ರೆಯ ಮೈ ಮುಟ್ಟಿ, ವಾಸನೆ ಹಿಡಿದು, ಉರಿಯನ್ನು ಹಿಂದೆ ಮುಂದೆ ಮಾಡುತ್ತಾರೆ.

ಹೀಗೆ ಇಳಿದ ಪನ್ನೀರು ನಾವು ಅಂಗಡಿಯಲ್ಲಿ ಕೊಳ್ಳುವ ಪನ್ನೀರಿನ ಹಾಗಿಲ್ಲ. ಸ್ವಲ್ಪ ಕಂದು, ಸ್ವಲ್ಪ ಹೊಗೆಯ ಘಮ. ದೊಡ್ಡ ಪಾತ್ರೆಯಲ್ಲಿ ಕೆಲವು ವಾರ ತಂಗಿಸಿ, ಗಸಿ ಇಳಿದ ಮೇಲೆ ತಿಳಿಯನ್ನು ಬಾಟಲಿಗೆ ತುಂಬುತ್ತಾರೆ. ಈಗ ಸ್ಟೀಲಿನ ಯಂತ್ರಗಳು ಬಂದಿವೆ, ಸೌದೆಯ ಬದಲು ಗ್ಯಾಸ್ ಬಂದಿದೆ. ಯಂತ್ರದ್ದು ಸ್ಫಟಿಕದಂತೆ ತಿಳಿ. ಆದರೂ ಹೊಗೆ ಘಮದ್ದೇ ಬೇಕೆಂದು ಕೇಳಿ ಕೊಳ್ಳುವ ಒಮಾನಿಗಳಿದ್ದಾರೆ. ಕಾಫಿಗೆ, ಹಲ್ವಾಕ್ಕೆ ಆ ರುಚಿ ಅವರ ನಾಲಿಗೆಗೆ ಅಭ್ಯಾಸವಾಗಿದೆ. ನಾಲಿಗೆಯ ಈ ಹಟ ಇರುವಷ್ಟು ದಿನ ದುಹ್‌ಜಾನ್ ಆರುವುದಿಲ್ಲ ಎಂದು ನನ್ನ ಅನಿಸಿಕೆ.

ಈ ಕಸುಬುಗಳು ಒಂದನ್ನೊಂದು ಹೊತ್ತು ನಿಂತಿರುವುದನ್ನೂ ಇಲ್ಲಿ ಗಮನಿಸಿ. ಪನ್ನೀರಿಗೆ ಕುಂಬಾರ ಬೇಕು, ಕಂಚುಗಾರ ಬೇಕು. ಪನ್ನೀರು ಹಲ್ವಾಕ್ಕೆ ಬೇಕು. ಹಲ್ವಾ ಎಂದರೆ ಗಂಜಿಹಿಟ್ಟು, ಸಕ್ಕರೆ ಅಥವಾ ಬೆಲ್ಲ, ತುಪ್ಪ, ಏಲಕ್ಕಿ, ಕೇಸರಿ, ಪನ್ನೀರು. ದೊಡ್ಡ ತಾಮ್ರದ ಹಂಡೆಯಲ್ಲಿ ಎರಡು ಗಂಟೆಗೂ ಹೆಚ್ಚು ಹೊತ್ತು ಕೈಬಿಡದೆ ತಿರುವಬೇಕು. ಹಂಡೆಗೆ ಮತ್ತೆ ಕಂಚುಗಾರ. ನೆಂಟರಿಗೆ ಹಲ್ವಾ ಕೊಟ್ಟರೆ ಜೊತೆಗೆ ಕಾಫಿ, ಕಾಫಿಗೆ ಕೊಕ್ಕಿನ ಮೂತಿಯ 'ದಲ್ಲಾ' ಎಂಬ ಹೂಜಿ. ಕೊನೆಗೆ ಬೆಳ್ಳಿಯ ಪನ್ನೀರುದಾನಿ. ಒಬ್ಬ ಅತಿಥಿ ಒಳಗೆ ಬಂದು ಹೋಗುವಷ್ಟರಲ್ಲಿ ನಾಲ್ಕೈದು ಕಸುಬುಗಳಿಗೆ ಕೆಲಸ ಸಿಕ್ಕಿರುತ್ತದೆ.

ನೇಯ್ಗೆಯ ಬಗ್ಗೆ ಹೇಳುವುದು ಬಹಳವಿದೆ, ಆದರೆ ಇಂದು ಚುಟುಕಾಗಿ ಮುಗಿಸುತ್ತೇನೆ. ಮರುಭೂಮಿಯ 'ಬದು' ಎಂಬ ಅಲೆಮಾರಿ ಜನರ ಹೆಂಗಸರು ನೆಲಕ್ಕೆ ಗೂಟ ಹೊಡೆದು ಹಾಸು ಬಿಗಿದು, ಆಡು ಮತ್ತು ಒಂಟೆಯ ಕೂದಲಿನಿಂದ ಡೇರೆಯ ಪಟ್ಟಿ, ಒಂಟೆಯ ಅಲಂಕಾರ, ಚೀಲ ನೇಯುತ್ತಿದ್ದರು. ಬೆಟ್ಟದ ಊರುಗಳಲ್ಲಿ ಹೆಂಗಸರು ತಕಲಿಯಲ್ಲಿ ನೂಲುತ್ತಾರೆ, ಗಂಡಸರು ಕಂಬಳಿ ನೇಯುತ್ತಾರೆ. ಒಂಟೆಯ ಜಾಗಕ್ಕೆ ಪಿಕಪ್ ವಾಹನ ಬಂದಾಗ ಒಂಟೆಯ ಅಲಂಕಾರಕ್ಕೆ ಕೆಲಸವೆಲ್ಲಿ? ಒಂಟೆ ಓಟದ ಪಂದ್ಯಗಳು ಆ ಬೇಡಿಕೆಯನ್ನು ಸ್ವಲ್ಪ ಉಳಿಸಿಕೊಂಡಿವೆ. ಬಹ್ಲಾ, ಇಬ್ರಿಗಳಲ್ಲಿ ಇದ್ದ ನೀಲಿ ಅದ್ದುವ ಕಸುಬು ಮಾತ್ರ ಹೊರಗಿನ ಬಟ್ಟೆ, ರಾಸಾಯನಿಕ ಬಣ್ಣಗಳ ಮುಂದೆ ನಿಲ್ಲಲಿಲ್ಲ.

ನಮಗೆ ನೇರವಾಗಿ ಸಂಬಂಧಿಸಿದ ಒಂದು ಗೃಹೋದ್ಯಮವಿದೆ. ಅಂಟಿನುಂಡೆಗೆ ಹಾಕುವ ಉತ್ತತ್ತಿ ಗೊತ್ತಲ್ಲ, ಅದರಲ್ಲಿ ಒಂದು ಪಾಲು ಒಮಾನಿನ ಪೂರ್ವದ ಶರ್ಕಿಯಾ ಸೀಮೆಯಿಂದ ಬರುವಂಥದ್ದು. 'ಮಬ್ಸಲಿ' ಎಂಬ ತಳಿಯ ಖರ್ಜೂರವನ್ನು ಪೂರ್ತಿ ಮೆತ್ತಗಾಗುವ ಮೊದಲೇ, ಹಳದಿಯಿರುವಾಗ, ಗೊನೆಗೊನೆಯಾಗಿ ಇಳಿಸುತ್ತಾರೆ. ಬೇಸಿಗೆಯ ನಡುವೆ, ಸುಡುವ ಬಿಸಿಲಿನಲ್ಲಿ, ಮನೆಮಂದಿಯೆಲ್ಲ ತೋಟದಲ್ಲಿರುತ್ತಾರೆ. ಸಾಲು ಒಲೆ, ದೊಡ್ಡ ತಾಮ್ರದ ಕಡಾಯಿ, ಹೊಗೆ, ಮಕ್ಕಳ ಓಡಾಟ ಎಲ್ಲ ಸೇರಿ ಥೇಟ್ ನಮ್ಮ ಆಲೆಮನೆಯೇ. ಕುದಿಸಿ, ಬಯಲಿನಲ್ಲಿ ಹರಡಿ, ಕೆಲವು ದಿನ ಒಣಗಿಸಿದರೆ ಕಲ್ಲಿನಂತಹ ಉತ್ತತ್ತಿ. ಒಮಾನಿಗಳು ಇದನ್ನು ಅಷ್ಟಾಗಿ ತಿನ್ನುವುದಿಲ್ಲ. ಹಿಂದಿನಿಂದಲೂ ಇದರ ದೊಡ್ಡ ಗಿರಾಕಿ ಭಾರತ. ಅಂದರೆ ಇಲ್ಲಿ ಕೊಳ್ಳುವವರು ನಾವೇ.

ಈ ಸರಕು ಬಂದದ್ದು ಹಡಗಿನಲ್ಲಿ. ಪೂರ್ವ ತುದಿಯ ಸೂರ್ ಬಂದರು ಹಡಗು ಕಟ್ಟುವವರ ಊರು. ಕಾಗದದ ಮೇಲೆ ನಕ್ಷೆ ಇಲ್ಲ. ಮೊದಲು ಹೊರಗಿನ ಹಲಗೆಗಳನ್ನು ಕೂಡಿಸಿ ಮೈ ಎಬ್ಬಿಸುತ್ತಾರೆ, ಒಳಗಿನ ಪಕ್ಕೆಲುಬು ಆಮೇಲೆ. ತೇಗ ಬರುತ್ತಿದ್ದುದು ನಮ್ಮ ಪಡುವಣ ಕರಾವಳಿಯಿಂದ. ಮಂಗಳೂರು, ಬಸ್ರೂರುಗಳ ಅಕ್ಕಿ ಮಸ್ಕತ್ತಿಗೆ ಹೋಗುತ್ತಿತ್ತು. ಟಿಪ್ಪು ಸುಲ್ತಾನ್ ಮಸ್ಕತ್ತಿನಲ್ಲಿ ತನ್ನದೇ ವ್ಯಾಪಾರದ ಕೋಠಿ ಇಟ್ಟಿದ್ದ. ಇಲ್ಲಿನ ಗಂಧ, ಮೆಣಸು, ಏಲಕ್ಕಿ, ಅಕ್ಕಿ ಅಲ್ಲಿ ಮಾರಾಟವಾಗುತ್ತಿತ್ತು.

ಹಳೆಯ ಕಾಲದಲ್ಲಿ ಮೊಳೆಯೇ ಇಲ್ಲದೆ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಹಲಗೆಯ ಅಂಚಿಗೆ ಜೋಡಿ ತೂತು ಕೊರೆದು, ಸಂದಿಯ ಮೇಲೆ ನಾರಿನ ಸಿಂಬೆ ಇಟ್ಟು, ಹುರಿ ಎಳೆದು ಬಿಗಿದು, ತೂತು ಮುಚ್ಚಿ, ಮೈಗೆ ಮೀನೆಣ್ಣೆ ಹಚ್ಚುವ ಕೆಲಸ. 1980ರಲ್ಲಿ ಸೂರ್‌ನಲ್ಲಿ ಹೀಗೆ ಹೊಲಿದು ಕಟ್ಟಿದ 'ಸೋಹಾರ್' ಎಂಬ ಹಡಗು ಮರುವರ್ಷ ಚೀನದ ಕ್ಯಾಂಟನ್ ತಲುಪಿತು. ಅದಕ್ಕೆ ಮರವೂ ನಾರೂ ಹೋದದ್ದು ಭಾರತದಿಂದ. ನಮ್ಮ ನೌಕಾಪಡೆ 2025ರ ಮೇ ತಿಂಗಳಿನಲ್ಲಿ ಕಾರವಾರದಲ್ಲಿ ಸೇರಿಸಿಕೊಂಡ ಹೊಲಿದ ಹಾಯಿಹಡಗು 'ಕೌಂಡಿನ್ಯ' ಇದೇ ವಿದ್ಯೆಯದು. 1951ರಲ್ಲಿ ಸೂರ್‌ನಲ್ಲಿ ಕಟ್ಟಿದ 'ಫತಹ್ ಅಲ್ ಖೈರ್' ಎಂಬ ದೊಡ್ಡ ಹಡಗು ಕೈಬದಲಾಗಿ ಯೆಮನ್ ಸೇರಿತ್ತು. 1993ರಲ್ಲಿ ಊರಿನವರು ಹಣ ಕೂಡಿಸಿ ಅದನ್ನು ಮರಳಿ ತಂದು ದಡಕ್ಕೇರಿಸಿದರು. ನೋಡಲು ಭವ್ಯವಾಗಿದೆ. ಆದರೆ ಮೀನುಗಾರ ಈಗ ಕೊಳ್ಳುವುದು ಫೈಬರ್ ದೋಣಿಯನ್ನು.

ಮಾತು ಮುಗಿದ ಮೇಲೆ ಹಿರಿಯರೊಬ್ಬರು ಕೇಳಿದರು: "ಇದನ್ನೆಲ್ಲ ಈಗ ಮಾಡುವವರು ಒಮಾನಿಗಳೇನಾ, ಅಥವಾ ನಮ್ಮವರೇನಾ?"

ನೇರವಾದ ಪ್ರಶ್ನೆ. ಪನ್ನೀರು, ಖರ್ಜೂರ, ಲೋಬಾನ ಇವು ಹೆಚ್ಚಾಗಿ ಒಮಾನಿ ಕುಟುಂಬಗಳ ಒಡೆತನದಲ್ಲಿವೆ. ಸೂರ್‌ನ ಹಡಗು ಕಟ್ಟೆಯಲ್ಲಿ ಬಾಚಿ ಹಿಡಿದವರಲ್ಲಿ ಭಾರತದ ಬಡಗಿಗಳೇ ಬಹಳ. ಹೊಲಿಗೆ ಅಂಗಡಿಗಳಲ್ಲೂ ದಕ್ಷಿಣ ಏಷ್ಯಾದವರೇ. ಇದರಿಂದ ಕಸುಬು ಕಲಬೆರಕೆಯಾಯಿತು ಎಂದು ನಾನು ಹೇಳುವುದಿಲ್ಲ, ಮರ ಕಡಲು ದಾಟಿದ ಹಾಗೆ ಕೈಯೂ ಹಿಂದಿನಿಂದ ಕಡಲು ದಾಟುತ್ತಲೇ ಇದೆ. ತೊಂದರೆ ಇರುವುದು ಬೇರೆ ಕಡೆ. ಹತ್ತಿಪ್ಪತ್ತು ವರ್ಷ ದುಡಿದು ಪಳಗಿದ ಬಡಗಿ ವೀಸಾ ಮುಗಿದ ದಿನ ಊರಿಗೆ ಮರಳುತ್ತಾನೆ. ಅವನ ಮಗ ಆ ಕಟ್ಟೆಯಲ್ಲಿ ಆಡಿ ಬೆಳೆದಿರುವುದಿಲ್ಲ, ಮಾಲೀಕನ ಮಗ ಬಾಚಿ ಮುಟ್ಟಿರುವುದಿಲ್ಲ. ಗಿರಾಕಿ ಇದ್ದಾಗಲೂ ಕಸುಬು ಮುಂದಿನ ತಲೆಗೆ ದಾಟದಿರುವ ದಾರಿ ಇದು. ಇದಕ್ಕೆ ಉಡುಪಿನ ನಿಯಮದಂತಹ ಸುಲಭದ ಮದ್ದು ನನಗೆ ಕಾಣುತ್ತಿಲ್ಲ.

ಇನ್ನೊಬ್ಬರು, ಮಗಳು ಮಸ್ಕತ್ತಿನಲ್ಲಿರುವ ತಾಯಿ, ಅಲ್ಲಿಗೆ ಹೋದಾಗ ಏನು ಕೊಳ್ಳಲಿ ಎಂದು ಕೇಳಿದರು. ಅಮ್ಮಾ, ಮತ್ರಾ ಪೇಟೆ ಚಂದವಿದೆ, ಆದರೆ ಅಲ್ಲಿ ತೂಗುಹಾಕಿರುವ ಶಾಲುಗಳಲ್ಲಿ ಎಷ್ಟೋ ನಮ್ಮ ದೇಶದಿಂದಲೇ ಹೋದವು. ಬೆಳ್ಳಿ ಬೇಕಾದರೆ ಶುಕ್ರವಾರ ಬೆಳಗ್ಗೆ ನಿಜ್ವಾಕ್ಕೆ ಹೋಗಿ. ಆಡು-ದನಗಳ ಸಂತೆಯೂ ಅದೇ ಹೊತ್ತಿಗೆ ನಡೆಯುತ್ತದೆ, ಹಳ್ಳಿಯವರೆಲ್ಲ ಬಂದಿರುತ್ತಾರೆ. ಏಪ್ರಿಲ್‌ನಲ್ಲಿ ಹೋದರೆ ಬೆಟ್ಟ ಹತ್ತಿ ಪನ್ನೀರಿನ ಒಲೆ ನೋಡಿ, ಒಂದು ಬಾಟಲಿ ಕಂದು ಬಣ್ಣದ್ದನ್ನೇ ಕೇಳಿ ತನ್ನಿ. ಖಂಜರ್ ಕೊಂಡರೆ ವಿಮಾನದಲ್ಲಿ ಕೈಚೀಲದಲ್ಲಿ ಇಟ್ಟುಕೊಳ್ಳಬೇಡಿ, ಅಲ್ಲಿಯೇ ಬಿಟ್ಟು ಬರಬೇಕಾದೀತು. ಹಲ್ವಾಕ್ಕೆ ಆ ಚಿಂತೆ ಇಲ್ಲ, ಫ್ರಿಡ್ಜ್ ಇಲ್ಲದೆಯೂ ಬಹಳ ದಿನ ಇರುತ್ತದೆ. ಮಾಡುವ ಜಾಗದಿಂದಲೇ ಕೊಳ್ಳಿ, ಕೊಳ್ಳುವ ಮೊದಲು ಒಂದು ಚಮಚ ರುಚಿ ನೋಡಲು ಅವರೇ ಕೊಡುತ್ತಾರೆ.